ಪಿತ್ತಕೋಶದಲ್ಲಿ ಕಲ್ಲಿದೆಯಂತೆ: ತೆಗೆಸಬೇಕೋ, ಬಿಡಬೇಕೋ?

ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದ ದಿನ ನಾನು ಮೊದಲು ಫೋನ್ ಮಾಡಿದ್ದು ಅಕ್ಕನಿಗೆ. "ನಂಗೂ ಇದೆ ಕಣೇ, ಒಂಬತ್ತು ವರ್ಷ ಆಯ್ತು. ಅದು ಅದರ ಪಾಡಿಗೆ, ನಾನು ನನ್ನ ಪಾಡಿಗೆ" ಅಂದಳು. ಇವತ್ತಿಗೂ ಅವಳ ಕಲ್ಲು ಒಳಗೇ ಇದೆ. ನನ್ನದು ಬೀರುವಿನಲ್ಲಿ, ಮಾತ್ರೆ ಡಬ್ಬಿಯಂಥ ಒಂದು ಪುಟ್ಟ ಬಾಟಲಿಯಲ್ಲಿದೆ. ಇಬ್ಬರೂ ಮಾಡಿದ್ದು ಸರಿಯೇ. ರಿಪೋರ್ಟ್‌ನಲ್ಲಿ ಇಬ್ಬರಿಗೂ ಬರೆದಿದ್ದು ಹೆಚ್ಚು ಕಡಿಮೆ ಒಂದೇ ಸಾಲು. ಬೇರೆ ಇದ್ದದ್ದು ನೋವು. ಅವಳಿಗೆ ಅದು ಬಂದೇ ಇಲ್ಲ, ನನಗೆ ಬಿಡಲೇ ಇಲ್ಲ.

ನಾನು ಡಾಕ್ಟರ್ ಅಲ್ಲ. ಕಲ್ಲಿನ ಜೊತೆ 2 ವರ್ಷ ಬದುಕಿ, ಓದಿ, ಕೇಳಿ, ಕೊನೆಗೆ ಆಪರೇಷನ್ ಮಾಡಿಸಿಕೊಂಡವಳು. ನಿಮ್ಮ ಮನೆಯಲ್ಲೂ ಯಾರಾದರೂ ಇದೇ ರಿಪೋರ್ಟ್ ಹಿಡಿದು ಕೂತಿದ್ದರೆ, ಯಾವುದರ ನಂತರ ಯಾವುದನ್ನು ನೋಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಿಪೋರ್ಟ್ ಅರ್ಥ ಮಾಡಿಕೊಳ್ಳಿ

ಪಿತ್ತಕೋಶ ಅಂದರೆ ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಕೆಳಗೆ, ಲಿವರ್‌ಗೆ ಅಂಟಿಕೊಂಡಿರುವ ಒಂದು ಚೀಲ. ಎಳೆ ಬದನೆಕಾಯಿಯ ಆಕಾರ, 7ರಿಂದ 10 ಸೆಂಟಿಮೀಟರ್ ಉದ್ದ. ಲಿವರ್ ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಪಿತ್ತರಸ ಮಾಡುತ್ತದೆ. ಅದರಲ್ಲಿ ಸ್ವಲ್ಪವನ್ನು ಈ ಚೀಲ ಗಟ್ಟಿ ಮಾಡಿ ಕೂಡಿಟ್ಟುಕೊಳ್ಳುತ್ತದೆ. ನಾವು ಜಿಡ್ಡು ತಿಂದಾಗ ಚೀಲ ಹಿಂಡಿಕೊಂಡು ರಸವನ್ನು ಕರುಳಿಗೆ ಬಿಡುತ್ತದೆ. ರಸದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾದರೆ, ಅಥವಾ ಚೀಲ ಸರಿಯಾಗಿ ಖಾಲಿಯಾಗದಿದ್ದರೆ ಹರಳು ಕಟ್ಟುತ್ತದೆ. ಹರಳು ಬೆಳೆದು ಕಲ್ಲಾಗುತ್ತದೆ.

ಇಲ್ಲೊಂದು ಮಾತಿನ ಗೊಂದಲ ಇದೆ. ತಲೆ ಸುತ್ತಿದರೆ, ವಾಕರಿಕೆ ಬಂದರೆ ನಮ್ಮ ಮನೆಗಳಲ್ಲಿ "ಪಿತ್ತ ಜಾಸ್ತಿ ಆಗಿದೆ" ಅಂತಾರೆ. ಆ ಪಿತ್ತಕ್ಕೂ ಈ ಕಲ್ಲಿಗೂ ನೇರ ಸಂಬಂಧ ಇಲ್ಲ. ಹುಳಿ ತೇಗು ಬರುತ್ತದೆ, ಬೆಳಿಗ್ಗೆ ಹಳದಿ ವಾಂತಿ ಆಯಿತು, ಹಾಗಾಗಿ ಪಿತ್ತಕೋಶದಲ್ಲೇ ತೊಂದರೆ ಅಂತ ಲೆಕ್ಕ ಹಾಕಬೇಡಿ.

ರಿಪೋರ್ಟ್‌ನಲ್ಲಿ ಮೂರು ಕಡೆ ಕಣ್ಣು ಹಾಯಿಸಿ. ಒಂದು, ಚೀಲದ ಗೋಡೆಯ ದಪ್ಪ. 3 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯ. ಎರಡು, ಸಿಬಿಡಿ ಅಂತ ಬರೆದಿರುವ ಮುಖ್ಯ ಪಿತ್ತನಾಳದ ಅಗಲ. ಇದು ಸುಮಾರು 6 ಮಿಲಿಮೀಟರ್‌ವರೆಗೆ ಇರಬಹುದು, ವಯಸ್ಸಾದವರಲ್ಲಿ ತುಸು ಜಾಸ್ತಿ ಇದ್ದೀತು. ನಾಳ ಇದಕ್ಕಿಂತ ಅಗಲವಾಗಿದ್ದರೆ ಕಲ್ಲೊಂದು ಚೀಲ ಬಿಟ್ಟು ನಾಳಕ್ಕೆ ಇಳಿದಿರಬಹುದು ಅಂತ ಅನುಮಾನ ಪಡಬೇಕಾಗುತ್ತದೆ. ಮೂರು, ಪಾಲಿಪ್, ಅಂದರೆ ಚೀಲದ ಗೋಡೆಯಿಂದ ಒಳಗೆ ಬೆಳೆದ ಸಣ್ಣ ಗಂಟು, ಅಂತ ಏನಾದರೂ ಬರೆದಿದೆಯಾ. ಪಾಲಿಪ್ 1 ಸೆಂಟಿಮೀಟರ್ ಮುಟ್ಟಿದ್ದರೆ ಅದರ ಕಥೆಯೇ ಬೇರೆ, ಸರ್ಜನ್ ಹತ್ತಿರ ಹೋಗಲೇಬೇಕು.

ಕಲ್ಲಿನ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಒಂದೇ ಕಲ್ಲಿರಲಿ, "ಮಲ್ಟಿಪಲ್" ಅಂತ ಇರಲಿ, ಅದರಿಂದ ತೀರ್ಮಾನ ಬದಲಾಗುವುದು ಕಡಿಮೆ. ಗಾತ್ರದ ವಿಷಯದಲ್ಲಂತೂ ಎಲ್ಲರೂ ಉಲ್ಟಾ ತಿಳಿದಿದ್ದೇವೆ. ಸಣ್ಣದಲ್ವಾ, ಪರವಾಗಿಲ್ಲ ಅಂತೀವಿ. ಆದರೆ ನಾಳಕ್ಕೆ ಜಾರಿ ಮೇದೋಜ್ಜೀರಕ ಗ್ರಂಥಿ ಅಂದರೆ ಪ್ಯಾಂಕ್ರಿಯಾಸ್‌ಗೆ ಉರಿಯೂತ ತರುವುದು ಹೆಚ್ಚಾಗಿ 5 ಮಿಲಿಮೀಟರ್‌ಗಿಂತ ಚಿಕ್ಕವೇ. ದೊಡ್ಡ ಕಲ್ಲಿಗೆ ಜಾರಲು ದಾರಿಯೇ ಸಾಕಾಗುವುದಿಲ್ಲ.

ನೋವು ಕಲ್ಲಿನದ್ದೇನಾ?

ಇಡೀ ಲೇಖನದಲ್ಲಿ ಒಂದೇ ಭಾಗ ಓದುವ ಪುರುಸೊತ್ತಿದ್ದರೆ ಇದನ್ನು ಓದಿ.

ಕಲ್ಲಿರುವ 100 ಜನರಲ್ಲಿ ಸುಮಾರು 80 ಮಂದಿಗೆ ಅದರಿಂದ ಏನೂ ಆಗುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಂಡಿರುತ್ತದೆ, ಅಷ್ಟೇ. ಆದರೆ ಇದೇ ಜನಕ್ಕೆ ಗ್ಯಾಸ್, ಹುಳಿ ತೇಗು, ಹೊಟ್ಟೆ ಉಬ್ಬರ ಇರಬಾರದು ಅಂತೇನಿಲ್ಲವಲ್ಲ. ನಮ್ಮೂರುಗಳಲ್ಲಿ "ಗ್ಯಾಸ್ಟ್ರಿಕ್" ಇಲ್ಲದವರು ಯಾರಿದ್ದಾರೆ? ಹೊಟ್ಟೆ ಉಬ್ಬರಕ್ಕೆ ಸ್ಕ್ಯಾನ್ ಮಾಡಿಸುತ್ತಾರೆ, ಕಲ್ಲು ಕಾಣುತ್ತದೆ, ತಪ್ಪೆಲ್ಲ ಕಲ್ಲಿನ ತಲೆಗೆ. ಚೀಲ ತೆಗೆಸಿದ ಮೇಲೂ ಹೊಟ್ಟೆ ಉಬ್ಬರ ಹಾಗೇ ಉಳಿಯುತ್ತದೆ.

ಕಲ್ಲಿನ ನೋವಿಗೆ ಅದರದ್ದೇ ಗುರುತುಗಳಿವೆ. ಹೊಟ್ಟೆಯ ಮೇಲ್ಭಾಗದಲ್ಲಿ, ಎದೆಗುಂಡಿಗೆಯ ಕೆಳಗೆ ನಡುವೆ ಅಥವಾ ಬಲಪಕ್ಕೆಯ ಕೆಳಗೆ ಬರುತ್ತದೆ. ಬೆನ್ನಿಗೆ, ಬಲ ಭುಜದ ಹಲಗೆಯ ಹತ್ತಿರಕ್ಕೆ ಹರಡುತ್ತದೆ. ಬಂತು ಅಂದರೆ ಏರುತ್ತಾ ಹೋಗಿ ಒಂದೇ ಸಮ ನಿಂತುಬಿಡುತ್ತದೆ. ಮಗ್ಗುಲು ಬದಲಿಸಿದರೂ ಇಲ್ಲ, ತೇಗು ಬಂದರೂ ಇಲ್ಲ, ಟಾಯ್ಲೆಟ್ಟಿಗೆ ಹೋಗಿ ಬಂದರೂ ಕಡಿಮೆಯಾಗುವುದಿಲ್ಲ. ಅರ್ಧ ಗಂಟೆಯಿಂದ ಕೆಲವು ಗಂಟೆ ಕಾಡಿ, ಆಮೇಲೆ ತಾನೇ ಇಳಿಯುತ್ತದೆ. ಹೆಚ್ಚಾಗಿ ಭಾರಿ ಊಟ ಆದ ಮೇಲೆ, ಅದೂ ರಾತ್ರಿ. ಎರಡು ನೋವಿನ ನಡುವೆ ವಾರಗಟ್ಟಲೆ, ತಿಂಗಳುಗಟ್ಟಲೆ ಯಾವ ತೊಂದರೆಯೂ ಇರುವುದಿಲ್ಲ. ಪ್ರತಿದಿನ, ಎಲ್ಲಾ ಹೊತ್ತು ಇರುವ ಮಂದ ನೋವು ಸಾಮಾನ್ಯವಾಗಿ ಕಲ್ಲಿನದ್ದಲ್ಲ.

ನನಗೆ ಅದು ತಿಳಿದದ್ದು ದಾವಣಗೆರೆಯಲ್ಲಿ, ಚಿಕ್ಕಪ್ಪನ ಮಗಳ ಮದುವೆಯಲ್ಲಿ. ಸಂಜೆ ಎಲ್ಲರೂ ಸೇರಿ ಬೆಣ್ಣೆ ದೋಸೆಗೆ ಹೋದೆವು. ನಾನು ಮೂರು ತಿಂದೆ, ಸುಳ್ಳು ಹೇಳಲ್ಲ. ರಾತ್ರಿ 1 ಗಂಟೆಗೆ ಶುರುವಾದದ್ದು ಬೆಳಗಿನ ಜಾವ 4ರವರೆಗೆ ಬಿಡಲಿಲ್ಲ. ಅದಕ್ಕೂ ಮೊದಲು 14 ತಿಂಗಳು ಪ್ರತಿದಿನ ಬೆಳಿಗ್ಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದೆ. ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಅಂತ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹಾಗಾಗಿ ಒಂದು ನೋಟ್ ಪುಸ್ತಕ ಇಡಿ, ಇಲ್ಲವೇ ಫೋನಿನಲ್ಲಿ ಬರೆದುಕೊಳ್ಳಿ. ನೋವು ಬಂದ ದಿನ, ಹೊತ್ತು, ಅದಕ್ಕೆ ಮೊದಲು ತಿಂದದ್ದು, ಎಷ್ಟು ಹೊತ್ತು ಇತ್ತು, ಎಲ್ಲಿಗೆ ಹರಡಿತು, ವಾಂತಿ ಆಯಿತಾ, ಯಾವ ಮಾತ್ರೆಗೆ ಇಳಿಯಿತು. ಎರಡು ಮೂರು ತಿಂಗಳ ಈ ಒಂದು ಹಾಳೆ ಸರ್ಜನ್‌ಗೆ ಇನ್ನೊಂದು ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ.

ಒಂದು ಎಚ್ಚರಿಕೆ. 40 ದಾಟಿದವರಿಗೆ, ಶುಗರ್, ಬಿಪಿ ಇರುವವರಿಗೆ ಎದೆಗುಂಡಿಗೆಯ ಹತ್ತಿರ ಮೊದಲ ಸಲ ಜೋರು ನೋವು ಬಂದರೆ, ಬೆವರಿದರೆ, ಕಲ್ಲು ಅಂತ ಮನೆಯಲ್ಲಿ ಕೂರಬೇಡಿ. ಹಾರ್ಟ್ ಅಟ್ಯಾಕ್ ಕೂಡ ಹೀಗೇ ಬರುತ್ತದೆ. ಮೊದಲು ಇಸಿಜಿ, ಆಮೇಲೆ ಉಳಿದ ಮಾತು.

ಬೆಳಗಾಗುವವರೆಗೆ ಕಾಯಬಾರದ ಸಂದರ್ಭ

ಇವುಗಳಲ್ಲಿ ಯಾವುದೇ ಒಂದಿದ್ದರೂ ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ:

- ನೋವು 5-6 ಗಂಟೆ ಕಳೆದರೂ ಇಳಿಯದೇ ಇರುವುದು
- ನೋವಿನ ಜೊತೆ ಜ್ವರ, ಚಳಿ ನಡುಕ
- ಕಣ್ಣು ಹಳದಿ, ಮೂತ್ರ ಟೀ ಡಿಕಾಕ್ಷನ್ ಬಣ್ಣ, ಮಲ ಬಿಳಿಚಿ ಜೇಡಿಮಣ್ಣಿನಂತಾಗುವುದು
- ನೋವು ಹೊಟ್ಟೆ ಸೀಳಿ ಬೆನ್ನಿಗೆ ಇಳಿದಂತಾಗಿ ವಾಂತಿ ನಿಲ್ಲದಿರುವುದು

ಮೊದಲ ಎರಡು ಚೀಲಕ್ಕೆ ಸೋಂಕು, ಉರಿಯೂತ ಆಗಿರುವ ಲಕ್ಷಣ. ಮೂರನೆಯದು ನಾಳ ಕಟ್ಟಿಕೊಂಡದ್ದರ ಲಕ್ಷಣ. ಕೊನೆಯದು ಪ್ಯಾಂಕ್ರಿಯಾಸ್‌ನದ್ದು. ನೋವು, ಜ್ವರ, ಹಳದಿ ಕಣ್ಣು ಮೂರೂ ಒಟ್ಟಿಗೆ ಬಂದರೆ ಪಿತ್ತನಾಳಕ್ಕೆ ಸೋಂಕು ತಗುಲಿರಬಹುದು, ಅದು ಜೀವಕ್ಕೇ ಅಪಾಯ.

ಮೂರನೆಯದರ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳಲೇಬೇಕು. ಕಣ್ಣು ಹಳದಿಯಾದ ಕೂಡಲೇ ನಮ್ಮ ಕಡೆ ಕಾಮಾಲೆಗೆ ನಾಟಿ ಔಷಧಿ ಕೊಡುವವರ ಮನೆ ಹುಡುಕಿಕೊಂಡು ಹೋಗುತ್ತಾರೆ. ಎಲೆ ರಸ, ಪಥ್ಯ, ಕೆಲವು ಕಡೆ ಕೈಗೆ ಬರೆ ಹಾಕಿಸುವುದೂ ಇದೆ. ವೈರಸ್‌ನಿಂದ ಬಂದ ಕಾಮಾಲೆ ಎಷ್ಟೋ ಸಲ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಎಲೆ ರಸಕ್ಕೆ ಬರುತ್ತದೆ. ಕಲ್ಲು ಸಿಕ್ಕಿಕೊಂಡು ಬಂದ ಕಾಮಾಲೆಯಲ್ಲಿ ಇರುವುದು ಕೊಳಾಯಿ ಕಟ್ಟಿಕೊಂಡ ತೊಂದರೆ. ಪಥ್ಯದಿಂದ ಕೊಳಾಯಿ ತೆರೆದುಕೊಳ್ಳುವುದಿಲ್ಲ. ಅಲ್ಲಿ ಕಳೆದ ಒಂದೊಂದು ದಿನವೂ ದುಬಾರಿ.

ಯಾವ ಪರೀಕ್ಷೆ, ಯಾವುದು ಬೇಡ

ಚೀಲದೊಳಗಿನ ಕಲ್ಲಿಗೆ ಅಲ್ಟ್ರಾಸೌಂಡ್ ಸಾಕು. 6ರಿಂದ 8 ಗಂಟೆ ಏನೂ ತಿನ್ನದೆ ಹೋಗಬೇಕು. ತಿಂಡಿ ತಿಂದು ಹೋದರೆ ಚೀಲ ಮುದುಡಿಕೊಂಡಿರುತ್ತದೆ, ಸರಿಯಾಗಿ ಕಾಣುವುದಿಲ್ಲ. ಸಿಟಿ ಸ್ಕ್ಯಾನ್ ದುಬಾರಿ ಅನ್ನುವ ಕಾರಣಕ್ಕೆ ಅದೇ ಒಳ್ಳೆಯದು ಅನ್ನಿಸಬಹುದು. ಆದರೆ ಕೊಲೆಸ್ಟ್ರಾಲ್ ಕಲ್ಲು ಸಿಟಿಯಲ್ಲಿ ಕಾಣದೆಯೂ ಹೋಗುತ್ತದೆ.

ಜೊತೆಗೆ ರಕ್ತದಲ್ಲಿ ಲಿವರ್ ಪರೀಕ್ಷೆ, ಅಂದರೆ ಎಲ್‌ಎಫ್‌ಟಿ. ಅದರಲ್ಲಿ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ, ಅಥವಾ ಸ್ಕ್ಯಾನ್‌ನಲ್ಲಿ ನಾಳ ಅಗಲವಾಗಿದ್ದರೆ ಎಂಆರ್‌ಸಿಪಿ ಮಾಡಿಸಲು ಹೇಳುತ್ತಾರೆ. ಇದು ನಾಳದ ಚಿತ್ರ ತೆಗೆಯುವ ಎಂಆರ್‌ಐ. ನಾಳದಲ್ಲಿ ಕಲ್ಲು ಖಚಿತವಾದರೆ ಇಆರ್‌ಸಿಪಿ: ಬಾಯಿಯ ಮೂಲಕ ಕೊಳವೆ ಇಳಿಸಿ ನಾಳದ ಕಲ್ಲನ್ನು ತೆಗೆಯುತ್ತಾರೆ. ಇದರಿಂದ ನಾಳ ಖಾಲಿಯಾಗುತ್ತದೆ, ಚೀಲ ಅಲ್ಲ. "ಕೊಳವೆ ಹಾಕಿ ಕಲ್ಲು ತೆಗೆದರಲ್ಲ, ಮತ್ತೆ ಯಾಕೆ ಆಪರೇಷನ್" ಅಂತ ತುಂಬ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಚೀಲದಲ್ಲಿ ಉಳಿದ ಕಲ್ಲು ಮತ್ತೆ ಇಳಿಯಬಹುದು. ಎರಡು ವಾರದೊಳಗೆ ಚೀಲವನ್ನೂ ತೆಗೆಸುವುದು ಒಳ್ಳೆಯದು ಅಂತ ವೈದ್ಯರು ಹೇಳುವುದು ಇದಕ್ಕೇ.

ಕರಗಿಸಬಹುದಾ?

ಎಲ್ಲರೂ ಕೇಳುವ ಪ್ರಶ್ನೆ. ನಾನೂ ಕೇಳಿದ್ದೆ.

ಅತ್ತೆ ಹುರುಳಿ ಕಟ್ಟು ಕುಡಿಸಿದರು. ಪಕ್ಕದ ಮನೆಯವರು ಬಾಳೆದಿಂಡಿನ ರಸ ತಂದುಕೊಟ್ಟರು. ಸಂಬಂಧಿಕರೊಬ್ಬರು ಕಾಡುಬಸಳೆ ಎಲೆ ಕಳಿಸಿದರು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಅಂತ. ಪ್ರೀತಿಯಿಂದ ಮಾಡಿದ್ದು, ಬೇಡ ಅನ್ನಲು ಮನಸ್ಸು ಬರಲಿಲ್ಲ. ಆದರೆ ಇದೆಲ್ಲ ಕಿಡ್ನಿ ಕಲ್ಲಿಗೆ ಹೇಳುವ ಮದ್ದು. ಕಿಡ್ನಿ ಕಲ್ಲು ಮೂತ್ರದ ದಾರಿಯಲ್ಲಿರುತ್ತದೆ, ಜಾಸ್ತಿ ನೀರು ಕುಡಿದರೆ ಸಣ್ಣದು ಹೊರಗೆ ಹೋಗುವ ಸಾಧ್ಯತೆ ಇದೆ. ಪಿತ್ತಕೋಶ ಆ ದಾರಿಯಲ್ಲಿಲ್ಲ. ನೀವು ಕುಡಿದ ನೀರು ಆ ಚೀಲವನ್ನು ತೊಳೆಯುವುದಿಲ್ಲ. ಟೊಮೆಟೊ ಬೀಜ, ಪಾಲಕ್ ಸೊಪ್ಪು ಬಿಡಿ ಅನ್ನುವ ಸಲಹೆಯೂ ಕಿಡ್ನಿಯ ಕಡೆಯಿಂದ ಬಂದದ್ದೇ. ಪಿತ್ತಕೋಶದ ಕಲ್ಲಿಗೆ ಪಾಲಕ್ ಏನೂ ಮಾಡುವುದಿಲ್ಲ, ಧಾರಾಳವಾಗಿ ತಿನ್ನಿ. ಕಿಡ್ನಿ ಕಲ್ಲನ್ನು ಹೊರಗಿನಿಂದ ಒಡೆಯುವ ಯಂತ್ರವನ್ನು ಒಂದು ಕಾಲಕ್ಕೆ ಇದಕ್ಕೂ ಬಳಸಿ ನೋಡಿದ್ದರು. ಚೂರು ನಾಳಕ್ಕೆ ಇಳಿಯುವುದು, ಕಲ್ಲು ಮತ್ತೆ ಕಟ್ಟುವುದು ನೋಡಿ ಹೆಚ್ಚು ಕಡಿಮೆ ಕೈಬಿಟ್ಟಿದ್ದಾರೆ.

ಇನ್ನೊಂದು ವಾಟ್ಸಾಪ್‌ನಲ್ಲಿ ತಿರುಗುತ್ತಲೇ ಇರುತ್ತದೆ. ಒಂದು ಲೋಟ ಆಲಿವ್ ಎಣ್ಣೆಗೆ ನಿಂಬೆರಸ ಹಾಕಿ ರಾತ್ರಿ ಕುಡಿಯಿರಿ, ಬೆಳಿಗ್ಗೆ ಮಲದಲ್ಲಿ ಹಸಿರು ಕಲ್ಲುಗಳು ಬೀಳುತ್ತವೆ ಅಂತ. ಬೀಳುವುದು ನಿಜ, ಆದರೆ ಅವು ಕಲ್ಲಲ್ಲ. ಹಾಗೆ ಬಿದ್ದದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ 2005ರಲ್ಲಿ ವೈದ್ಯರು ವರದಿ ಮಾಡಿದ್ದಾರೆ: ಎಣ್ಣೆ ಹೊಟ್ಟೆಯ ರಸಗಳ ಜೊತೆ ಸೇರಿ ಆದ ಸೋಪಿನ ಉಂಡೆಗಳು ಅವು. ಎಣ್ಣೆ ಕುಡಿದರೆ ಚೀಲ ಜೋರಾಗಿ ಹಿಂಡಿಕೊಳ್ಳುತ್ತದೆ. ಕಲ್ಲಿರುವವರು ಮಾಡಬಾರದ್ದು ಇದೊಂದನ್ನೇ.

ನಿಜವಾಗಿ ಕರಗಿಸುವ ಮಾತ್ರೆ ಒಂದಿದೆ, ಅರ್ಸೋಡಿಆಕ್ಸಿಕೋಲಿಕ್ ಆಸಿಡ್. ಆದರೆ ಅದಕ್ಕೆ ಷರತ್ತು ಜಾಸ್ತಿ. ಕಲ್ಲು ಕೊಲೆಸ್ಟ್ರಾಲಿನದ್ದಾಗಿರಬೇಕು, ಸುಣ್ಣ ಕಟ್ಟಿರಬಾರದು, ಸಣ್ಣದಾಗಿರಬೇಕು, ಚೀಲ ಚೆನ್ನಾಗಿ ಕೆಲಸ ಮಾಡುತ್ತಿರಬೇಕು. 6 ತಿಂಗಳಿಂದ 2 ವರ್ಷ ಬಿಡದೆ ನುಂಗಬೇಕು. ಕರಗಿದರೂ 5 ವರ್ಷದೊಳಗೆ ಸುಮಾರು ಅರ್ಧ ಜನಕ್ಕೆ ಮತ್ತೆ ಕಟ್ಟುತ್ತದೆ. ಆಪರೇಷನ್ ತಡೆದುಕೊಳ್ಳಲಾರದ ಹಿರಿಯರಿಗೆ ಇದೊಂದು ದಾರಿ. ಉಳಿದವರಿಗೆ ದುಡ್ಡು ದಂಡ ಅಂತ ನನ್ನ ಅಭಿಪ್ರಾಯ.

ಕಾಯುವುದಾದರೆ ಊಟ ಹೇಗೆ?

ಪಥ್ಯದಿಂದ ಕಲ್ಲು ಹೋಗುವುದಿಲ್ಲ, ನೋವು ಬರುವುದು ಕಡಿಮೆಯಾಗಬಹುದು. ಲೆಕ್ಕ ಸರಳ. ಒಂದೇ ಸಲಕ್ಕೆ ಜಾಸ್ತಿ ಜಿಡ್ಡು ಹೋದರೆ ಚೀಲ ಜೋರಾಗಿ ಹಿಂಡಿಕೊಳ್ಳುತ್ತದೆ. ಆದ್ದರಿಂದ ಮಿರ್ಚಿ ಭಜಿ, ಪೂರಿ, ಬಿರಿಯಾನಿ, ಕೊಬ್ಬಿರುವ ಮಾಂಸ, ಹೋಳಿಗೆ ಮೇಲಿನ ತುಪ್ಪ ಇವುಗಳ ಮೇಲೆ ಹಿಡಿತ ಇರಲಿ. ಕರಾವಳಿಯವರು ಗಟ್ಟಿ ತೆಂಗಿನಹಾಲಿನ ಪದಾರ್ಥ, ಉತ್ತರ ಕರ್ನಾಟಕದವರು ಶೇಂಗಾ ಚಟ್ನಿಪುಡಿಗೆ ಸುರಿಯುವ ಎಣ್ಣೆ ನೆನಪಿಟ್ಟುಕೊಳ್ಳಿ. ಮುದ್ದೆ-ಸೊಪ್ಪಿನ ಸಾರು, ಜೋಳದ ರೊಟ್ಟಿ-ಪಲ್ಯ, ಇಡ್ಲಿ, ಮಜ್ಜಿಗೆಗೆ ಯಾವ ತಕರಾರೂ ಇಲ್ಲ. ಒಗ್ಗರಣೆಯ ಒಂದು ಚಮಚ ಎಣ್ಣೆಗೆ ಹೆದರಬೇಕಿಲ್ಲ.

ಎಣ್ಣೆಯನ್ನು ಪೂರ್ತಿ ಬಿಡುವುದು, ಉಪವಾಸ ಕೂರುವುದು ಇನ್ನೂ ಕೆಟ್ಟದ್ದು. ಚೀಲಕ್ಕೆ ಹಿಂಡಿಕೊಳ್ಳಲು ಕೆಲಸವೇ ಇಲ್ಲದಿದ್ದರೆ ರಸ ಒಳಗೇ ನಿಂತು ಮಡ್ಡಿ ಕಟ್ಟುತ್ತದೆ. ಗಡಿಬಿಡಿಯಲ್ಲಿ ತೂಕ ಇಳಿಸಿದರೂ ಹೊಸ ಕಲ್ಲು ಹುಟ್ಟುತ್ತದೆ. ವಾರಕ್ಕೆ ಒಂದೂವರೆ ಕೆಜಿಗಿಂತ ಜಾಸ್ತಿ ಇಳಿಯುತ್ತಿದ್ದರೆ ಅದು ಅತಿಯಾಯಿತು. ಹೊತ್ತು ಹೊತ್ತಿಗೆ, ಸ್ವಲ್ಪ ಸ್ವಲ್ಪ ತಿನ್ನಿ. ರಾತ್ರಿ ಊಟ ಬೇಗ ಮುಗಿಸಿ.

ನೋವು ಬಂದಾಗ ನುಂಗಲು ಯಾವ ಮಾತ್ರೆ ಅಂತ ಮೊದಲೇ ವೈದ್ಯರ ಹತ್ತಿರ ಬರೆಸಿಟ್ಟುಕೊಳ್ಳಿ. ಸಾಮಾನ್ಯವಾಗಿ ಡೈಕ್ಲೋಫೆನಾಕ್ ಥರದ್ದು ಕೊಡುತ್ತಾರೆ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರಿಗೆ ಅದು ಆಗದು, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಗೋಬೇಡಿ.

ಈಗ ನಿರ್ಧಾರ

ನೋವೇ ಬಂದಿಲ್ಲ ಅಂದರೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ಸುಮ್ಮನಿರುವ ಕಲ್ಲು ನೋವು ಕೊಡಲು ಶುರು ಮಾಡುವುದು ವರ್ಷಕ್ಕೆ 100ರಲ್ಲಿ 1ರಿಂದ 4 ಜನಕ್ಕೆ ಮಾತ್ರ. ಶುರುವಾದರೂ ಹೆಚ್ಚಿನವರಿಗೆ ಮೊದಲು ಬರುವುದು ಬರೀ ನೋವು, ದೊಡ್ಡ ಅನಾಹುತ ಅಲ್ಲ. ಆಗ ಯೋಚನೆ ಮಾಡಲು ಸಮಯ ಇರುತ್ತದೆ. ಶುಗರ್ ಇದೆ ಅನ್ನುವ ಒಂದೇ ಕಾರಣಕ್ಕೆ ಸುಮ್ಮನಿರುವ ಕಲ್ಲು ತೆಗೆಸಬೇಕು ಅನ್ನುವುದು ಹಳೆಯ ಮಾತು, ಈಗ ಹಾಗೆ ಹೇಳುವುದಿಲ್ಲ.

ಇದಕ್ಕೆ ಅಪವಾದ ಇವೆ. 3 ಸೆಂಟಿಮೀಟರ್‌ಗಿಂತ ದೊಡ್ಡ ಕಲ್ಲು, ಗೋಡೆಗೆ ಸುಣ್ಣ ಕಟ್ಟಿದ ಚೀಲ, 1 ಸೆಂಟಿಮೀಟರ್‌ನ ಪಾಲಿಪ್ ಇದ್ದರೆ ಕ್ಯಾನ್ಸರ್ ಭಯಕ್ಕೆ ತೆಗೆಯುತ್ತಾರೆ. ಪಿತ್ತಕೋಶದ ಕ್ಯಾನ್ಸರ್ ಉತ್ತರ ಭಾರತದ ಗಂಗಾ ಬಯಲಿನಲ್ಲಿ ಜಾಸ್ತಿ, ನಮ್ಮ ದಕ್ಷಿಣದಲ್ಲಿ ಬಹಳ ಕಡಿಮೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡಿ. ಸಿಕಲ್ ಸೆಲ್ ಅನ್ನುವ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರ ಲೆಕ್ಕ ಬೇರೆ. ನಮ್ಮಲ್ಲಿ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಕುಟುಂಬಗಳಲ್ಲಿ ಈ ಕಾಯಿಲೆ ಕಾಣುತ್ತದೆ. ರಕ್ತಕಣ ಬೇಗ ಬೇಗ ಒಡೆಯುವುದರಿಂದ ಅವರಿಗೆ ಚಿಕ್ಕ ವಯಸ್ಸಿನಲ್ಲೇ ಕಪ್ಪು ಕಲ್ಲು ಕಟ್ಟುತ್ತದೆ. ಅದರ ನೋವು ಯಾವುದು, ಸಿಕಲ್ ಸೆಲ್ ನೋವು ಯಾವುದು ಅಂತ ಹೇಳುವುದೇ ಕಷ್ಟವಾಗುವುದರಿಂದ ಮೊದಲೇ ತೆಗೆಸುವುದನ್ನು ವೈದ್ಯರು ಯೋಚಿಸುತ್ತಾರೆ.

ಇನ್ನು ಸೋಂಕು, ಕಾಮಾಲೆ, ಪ್ಯಾಂಕ್ರಿಯಾಸ್ ಉರಿಯೂತ ಒಂದು ಸಲ ಆಗಿದ್ದರೆ ಚರ್ಚೆಗೆ ಜಾಗ ಕಡಿಮೆ. ತೆಗೆಸಿ. ಚೀಲಕ್ಕೆ ಉರಿಯೂತ ಆದಾಗ "ಮೊದಲು ಇಳಿಯಲಿ, ಆರು ವಾರ ಬಿಟ್ಟು ಬನ್ನಿ" ಅನ್ನುವುದು ಹಿಂದಿನ ಪದ್ಧತಿ. ಈಗ ಸಾಧ್ಯವಾದರೆ ಮೊದಲ ಕೆಲವು ದಿನಗಳಲ್ಲೇ ಮಾಡುವುದು ಒಳ್ಳೆಯದು ಅಂತ ಹೇಳುತ್ತಾರೆ. ಪ್ಯಾಂಕ್ರಿಯಾಸ್ ಉರಿಯೂತ ಹಗುರವಾಗಿದ್ದರೆ ಅದೇ ಅಡ್ಮಿಷನ್‌ನಲ್ಲಿ ಚೀಲ ತೆಗೆಸಿಕೊಂಡೇ ಮನೆಗೆ ಬರುವುದು ವಾಸಿ.

ಕಷ್ಟ ಇರುವುದು ನಡುವಿನವರಿಗೆ. ಆಗಾಗ ನೋವು ಬರುತ್ತದೆ, ಬೇರೆ ಏನೂ ಆಗಿಲ್ಲ. ಇವರಿಗೆಲ್ಲ ಆಪರೇಷನ್ ಅನ್ನುವುದೇ ರೂಢಿ. ಆದರೆ ಎರಡು ಅಧ್ಯಯನಗಳನ್ನು ಓದಿದ ಮೇಲೆ ನನಗೆ ಅಷ್ಟು ಸುಲಭ ಅನ್ನಿಸಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಕಲ್ಲು ಮತ್ತು ಹೊಟ್ಟೆನೋವು ಎರಡೂ ಇದ್ದ 1067 ಜನರನ್ನು ಗಮನಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಆಪರೇಷನ್ ಮಾಡಿಸಿಕೊಂಡಿದ್ದರು. ವರ್ಷದ ನಂತರ ಪೂರ್ತಿ ನೋವಿಲ್ಲದವರು 100ಕ್ಕೆ 60ರ ಆಸುಪಾಸು ಅಷ್ಟೇ. ಬ್ರಿಟನ್‌ನಲ್ಲಿ 434 ಜನರನ್ನು ಆಪರೇಷನ್ ಗುಂಪು, ಕಾದು ನೋಡುವ ಗುಂಪು ಅಂತ ಎರಡು ಮಾಡಿ ನಡೆಸಿದ ಅಧ್ಯಯನ 2023ರಲ್ಲಿ ಬಂತು. ಕಾದು ನೋಡೋಣ ಅಂದ ಗುಂಪಿನಲ್ಲಿ 18 ತಿಂಗಳಲ್ಲಿ ಆಪರೇಷನ್ ಬೇಕಾದದ್ದು ನಾಲ್ವರಲ್ಲಿ ಒಬ್ಬರಿಗೆ. ನೋವಿನ ಅಳತೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್ ಗುಂಪಿನಲ್ಲೂ ಮೂರನೇ ಒಂದರಷ್ಟು ಜನಕ್ಕೆ ಅಷ್ಟರೊಳಗೆ ಆಪರೇಷನ್ ಆಗಿರಲಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ನಿಮ್ಮ ನೋವು ಮೇಲೆ ಹೇಳಿದ ಗುರುತುಗಳಿಗೆ ಸರಿಯಾಗಿ ಹೊಂದಿದರೆ ಆಪರೇಷನ್‌ನಿಂದ ಹೋಗುವ ಭರವಸೆ ಜಾಸ್ತಿ. ಬರೀ ಉಬ್ಬರ, ತೇಗು, ಅಜೀರ್ಣ ಆದರೆ ಕಡಿಮೆ. ವರ್ಷಕ್ಕೊಮ್ಮೆ ಮದುವೆ ಊಟದ ನಂತರ ಬಂದು ಹೋಗುವ ನೋವಾದರೆ ಕಾದು ನೋಡುವುದು ತಪ್ಪಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದರೆ, ಅಂತರ ಕಡಿಮೆಯಾಗುತ್ತಿದ್ದರೆ, ಊಟ ಅಂದರೆ ಭಯ ಅನ್ನಿಸುತ್ತಿದ್ದರೆ ತೆಗೆಸುವುದು ಒಳ್ಳೆಯದು.

ಆಸ್ಪತ್ರೆ ಎಷ್ಟು ದೂರ ಅನ್ನುವುದು ವಿದೇಶದ ಅಧ್ಯಯನಗಳಲ್ಲಿ ಇರುವುದಿಲ್ಲ, ನಮಗೆ ಅದೂ ಮುಖ್ಯ. ಬೆಂಗಳೂರಿನಲ್ಲಿದ್ದವರು ಕಾಯುವುದು ಒಂದು. ಶಿರಸಿಯ ಪಕ್ಕದ ಹಳ್ಳಿಯಲ್ಲಿದ್ದು, ಇಆರ್‌ಸಿಪಿಗೆ ಮಳೆಗಾಲದ ರಾತ್ರಿ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಓಡಬೇಕಾದವರು ಕಾಯುವುದು ಇನ್ನೊಂದು. ಮಗಳ ಬಾಣಂತನಕ್ಕೆ ಅಂತ 6 ತಿಂಗಳು ಅಮೆರಿಕಕ್ಕೆ ಹೊರಟವರಿಗೂ ಇದೇ ಮಾತು. ಮೊದಲೇ ಇದ್ದ ಕಾಯಿಲೆಯ ಖರ್ಚನ್ನು ಪ್ರಯಾಣದ ವಿಮೆ ಹೆಚ್ಚಾಗಿ ಕೊಡುವುದಿಲ್ಲ. ನೋವು ಆಗಾಗ ಬರುತ್ತಿದ್ದರೆ ಇಲ್ಲೇ ಮುಗಿಸಿ ವಿಮಾನ ಹತ್ತಿ. ಮಗು ಬೇಕು ಅಂತ ಯೋಚಿಸುತ್ತಿರುವ, ಈಗಾಗಲೇ ನೋವಿರುವ ಹೆಣ್ಣುಮಕ್ಕಳೂ ಮೊದಲೇ ಸರ್ಜನ್ ಹತ್ತಿರ ಮಾತಾಡಿ. ಗರ್ಭಿಣಿಯರಲ್ಲಿ ಕಲ್ಲಿನ ಕಾಟ ಹೆಚ್ಚಬಹುದು. ತೀರಾ ಬೇಕಾದರೆ ಆಗಲೂ ಆಪರೇಷನ್ ಮಾಡುತ್ತಾರೆ, ನಡುವಿನ ಮೂರು ತಿಂಗಳು ಅದಕ್ಕೆ ಅನುಕೂಲ.

ಸರ್ಜನ್ ಹತ್ತಿರ ಕೇಳಬೇಕಾದ್ದು

ನೋಟ್ ಪುಸ್ತಕ ಮುಂದಿಟ್ಟು ಕೇಳಿ. "ಸರ್, ಈ ನೋವು ಕಲ್ಲಿನದ್ದೇ ಅಂತ ನಿಮಗೆ ಎಷ್ಟು ಖಾತ್ರಿ? ನಾಳದಲ್ಲಿ ಕಲ್ಲಿಲ್ಲ ಅಂತ ಹೇಗೆ ಗೊತ್ತಾಯಿತು? ನಾನು ಒಂದು ವರ್ಷ ಕಾದರೆ ಏನಾಗಬಹುದು? ಇಂಥ ಆಪರೇಷನ್ ನೀವು ತಿಂಗಳಿಗೆ ಎಷ್ಟು ಮಾಡುತ್ತೀರಿ? ಒಳಗೆ ಕಷ್ಟ ಕಂಡರೆ ಏನು ಮಾಡುತ್ತೀರಿ?" ಕೊನೆಯದಕ್ಕೆ "ಅಗತ್ಯ ಬಿದ್ದರೆ ಹೊಟ್ಟೆ ತೆರೆದು ಮಾಡುತ್ತೇನೆ, ಇಲ್ಲವೇ ಚೀಲದ ಸ್ವಲ್ಪ ಭಾಗ ಬಿಟ್ಟು ಬರುತ್ತೇನೆ" ಅಂತ ನೇರವಾಗಿ ಹೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ. "ಏನೂ ಆಗಲ್ಲಮ್ಮ, ಹತ್ತು ನಿಮಿಷದ ಕೆಲಸ" ಅಂದವರನ್ನು ಬಿಟ್ಟು ನಾನು ಎದ್ದು ಬಂದೆ.

ದೊಡ್ಡ ಅಪಾಯ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು. 1000 ಆಪರೇಷನ್‌ಗಳಲ್ಲಿ ಸುಮಾರು 3ರಿಂದ 5ರಲ್ಲಿ ಆಗುತ್ತದೆ. ಅಪರೂಪ ನಿಜ, ಆದರೂ ಆಗಿಬಿಟ್ಟರೆ ದೊಡ್ಡ ರಿಪೇರಿ.

"ಕಲ್ಲು ಮಾತ್ರ ತೆಗೆದು ಚೀಲ ಬಿಡಿ" ಅಂತ ನಾನೂ ಕೇಳಿದ್ದೆ. ಬಿಟ್ಟರೆ ಮತ್ತೆ ಕಲ್ಲು ಕಟ್ಟುತ್ತದೆ. ಜರ್ಮನಿಯ ಲಾಂಗೆನ್‌ಬುಖ್ ಎಂಬ ಸರ್ಜನ್ 1882ರಲ್ಲಿ ಬರ್ಲಿನ್‌ನಲ್ಲಿ ಮೊದಲ ಸಲ ಚೀಲವನ್ನೇ ತೆಗೆದದ್ದು ಇದೇ ಕಾರಣಕ್ಕೆ. ನಮ್ಮ ದೇಶದಲ್ಲಿ ಇದನ್ನು ರಂಧ್ರ ಮಾಡಿ, ಕ್ಯಾಮೆರಾ ಬಿಟ್ಟು ಮಾಡಲು ಶುರುವಾದದ್ದು 1990ರಲ್ಲಿ, ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ತೆಹೆಮ್‌ಟನ್ ಉದ್ವಾಡಿಯಾ ಅವರಿಂದ.

ದುಡ್ಡಿನ ಕಡೆ

ವಿಮೆ ಇದ್ದರೆ ಪಾಲಿಸಿಯಲ್ಲಿ "ಕಾಯುವ ಅವಧಿ" ನೋಡಿ. ಪಿತ್ತಕೋಶದ ಕಲ್ಲಿಗೆ ಹಲವು ಪಾಲಿಸಿಗಳಲ್ಲಿ ಮೊದಲ 2 ವರ್ಷ ಹಣ ಬರುವುದಿಲ್ಲ. ಕೆಲಸ ಕೊಟ್ಟ ಕಂಪನಿಯ ಗುಂಪು ವಿಮೆಯಲ್ಲಿ ಈ ತೊಡಕು ಇಲ್ಲದಿರಬಹುದು. ಕೆಲಸ ಬಿಡುವ ಯೋಚನೆ ಇದ್ದರೆ ಇದನ್ನೂ ನೋಡಿಕೊಳ್ಳಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಬರೆಸಿಕೊಂಡು ಬೇರೆ ಕಡೆ ಹೋಗಬೇಕು. ನೇರವಾಗಿ ಖಾಸಗಿಗೆ ಹೋಗಿ ಬಿಲ್ ಕಟ್ಟಿದ ಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನ ಇಲ್ಲ. ಪ್ಯಾಕೇಜ್ ದರ ಹೇಳಿದರೆ ಕ್ಲಿಪ್, ಅರಿವಳಿಕೆ, ಬಯಾಪ್ಸಿ ಅದರಲ್ಲಿ ಸೇರಿದೆಯಾ ಅಂತ ಬಾಯಿ ಬಿಟ್ಟು ಕೇಳಿ.

ಆಪರೇಷನ್ ದಿನ, ಆಮೇಲೆ

ಹೊಟ್ಟೆಗೆ ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರ. ಒಳಗೆ ಜಾಗವಾಗಲಿ ಅಂತ ಗ್ಯಾಸ್ ತುಂಬುತ್ತಾರೆ. ಎದ್ದ ಮೇಲೆ ಹೊಟ್ಟೆಗಿಂತ ಭುಜ ಜಾಸ್ತಿ ನೋಯುತ್ತದೆ, ಅದು ಆ ಗ್ಯಾಸಿನದ್ದು. ಯಾರೂ ನನಗೆ ಮೊದಲೇ ಹೇಳಿರಲಿಲ್ಲ, ಹೃದಯಕ್ಕೇ ಏನೋ ಆಯಿತು ಅಂದುಕೊಂಡಿದ್ದೆ. ಎದ್ದು ನಾಲ್ಕು ಹೆಜ್ಜೆ ಓಡಾಡಿ, ಎರಡು ಮೂರು ದಿನದಲ್ಲಿ ಹೋಗುತ್ತದೆ.

ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಹೊರೆ ಹುಲ್ಲು ಎತ್ತುವುದು 4ರಿಂದ 6 ವಾರ ಬೇಡ. ಮನೆಯವರು ಇದನ್ನು ಓದಲಿ ಅಂತಲೇ ಬರೆದೆ. ರಂಧ್ರ ಚಿಕ್ಕದು ನೋಡಿ, ಮೂರನೇ ದಿನಕ್ಕೇ ಅಡುಗೆಮನೆಗೆ ಕರೆಯುತ್ತಾರೆ.

ಚೀಲ ಇಲ್ಲದೆ ಜೀರ್ಣ ಹೇಗೆ ಅನ್ನುವ ಚಿಂತೆ ಬೇಡ. ಪಿತ್ತರಸ ಮಾಡುವುದು ಲಿವರ್, ಅದು ಅಲ್ಲೇ ಇದೆ. ರಸ ಕೂಡಿಡದೆ ನೇರ ಕರುಳಿಗೆ ಹನಿಯುತ್ತದೆ, ಅಷ್ಟೇ. ಕೆಲವರಿಗೆ ಕೆಲವು ವಾರ ಊಟವಾದ ಕೂಡಲೇ ಭೇದಿಯಾಗುತ್ತದೆ. ನನಗೆ ಎರಡು ತಿಂಗಳು ಇತ್ತು. ಜಾಸ್ತಿ ದಿನ ಉಳಿದರೆ ಅದಕ್ಕೆ ಔಷಧಿ ಇದೆ, ಸಹಿಸಿಕೊಂಡು ಕೂರಬೇಡಿ. ಜೀವನ ಪೂರ್ತಿ ಪಥ್ಯವೂ ಇಲ್ಲ. ಎಂಟನೇ ತಿಂಗಳು ಮತ್ತೆ ದಾವಣಗೆರೆಗೆ ಹೋಗಿದ್ದೆ. ಈ ಸಲ ಒಂದೇ ದೋಸೆ.

ಮನೆಗೆ ಬಂದ ಮೇಲೆ ಜ್ವರ, ಹೊಟ್ಟೆ ಊದುವುದು, ದಿನ ಕಳೆದಂತೆ ಏರುವ ನೋವು, ಕಣ್ಣು ಹಳದಿ ಇದ್ದರೆ ಚೆಕಪ್ ತಾರೀಖಿಗೆ ಕಾಯದೆ ಅದೇ ಆಸ್ಪತ್ರೆಗೆ ಹೋಗಿ.

ಕಲ್ಲುಗಳನ್ನು ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ, ಬಂದವರಿಗೆಲ್ಲ ತೋರಿಸಿ ಸಂತೋಷಪಡಿ. ಚೀಲವನ್ನು ಪರೀಕ್ಷೆಗೆ ಕಳಿಸಿರುತ್ತಾರೆ. ಅದರ ಬಯಾಪ್ಸಿ ರಿಪೋರ್ಟ್ ಬರುವುದು ವಾರ ಹತ್ತು ದಿನದ ನಂತರ. ಅಷ್ಟೊತ್ತಿಗೆ ನೋವು ಹೋಗಿರುತ್ತದೆ, ಹೊಲಿಗೆ ಬಿಚ್ಚಿರುತ್ತಾರೆ, ಆ ಕಾಗದ ಲ್ಯಾಬಿನಲ್ಲೇ ಬಿದ್ದಿರುತ್ತದೆ. ಹೋಗಿ ತನ್ನಿ, ಡಾಕ್ಟರಿಗೆ ತೋರಿಸಿ, ಡಿಸ್ಚಾರ್ಜ್ ಸಮ್ಮರಿಯ ಜೊತೆ ಫೈಲಿಗೆ ಹಾಕಿಡಿ.